ಪೀಣ್ಯದಲ್ಲಿ ಕೂತು ಪೆಂಗ್ವಿನ್ ಕಾಯ್ದವರು

ಮುಂದಿನ ಪಾಳಿಯವರು ಬಂದು ಪಕ್ಕದಲ್ಲಿ ನಿಲ್ಲುವ ತನಕ ಅವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಿಂತರೆ ಸಾಲದು, "ಬಂದೆ ಸಾರ್" ಅನ್ನಬೇಕು. ಅಂದ ಮೇಲೂ ಒಮ್ಮೆ ಮುಖ ನೋಡಿ, ಇವನು ನಿದ್ದೆಗಣ್ಣಿನಲ್ಲಿ ಬಂದಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಏಳುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸಕ್ಕೆ ಇಷ್ಟೊಂದು ಶಾಸ್ತ್ರ ಯಾಕೆ ಎಂದು ನಾವು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. "ನಗ್ರಿ ನಗ್ರಿ. ಮಿಷನ್ನು ಒಂದು ಗಳಿಗೆನೂ ಒಂಟಿಯಾಗಿರಬಾರ್ದು ಕಣಮ್ಮ. ಕೈ ಬದ್ಲಾಗ್ಬೇಕು, ಕೈ ಬಿಡಬಾರ್ದು" ಎನ್ನುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ನಾನೀಗ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುತ್ತೇನೆ; ಪೀಣ್ಯ ಬಿಟ್ಟು ವರ್ಷಗಳೇ ಆದವು. ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿ, "ನಮ್ಮ ಪೆಂಗ್ವಿನ್ ಸಾರ್ ಹೋಗ್ಬಿಟ್ರು ಕಣೇ" ಅಂದಳು. ನಾನೇನೂ ಅವರ ಅಚ್ಚುಮೆಚ್ಚಿನವಳಲ್ಲ. ಅವರ ಕೈಕೆಳಗೆ ಇದ್ದಷ್ಟು ದಿನವೂ ಜಗಳವಾಡಿಕೊಂಡೇ ಇದ್ದೆ. ಆದರೂ ಅವತ್ತು ಫೋನ್ ಇಟ್ಟ ಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. 

ಅವರು ಮೂಲತಃ ಲೇತ್ ಮಿಷನ್ನಿನವರು. ಕುಣಿಗಲ್ ಕಡೆಯಿಂದ ಹುಡುಗನಾಗಿದ್ದಾಗಲೇ ಪೀಣ್ಯಕ್ಕೆ ಬಂದು, ಒಂದೇ ವರ್ಕ್‌ಶಾಪಿನಲ್ಲಿ ಅರ್ಧ ಆಯುಷ್ಯ ಕಳೆದಿದ್ದರು. ಆ ವರ್ಕ್‌ಶಾಪ್ ನಷ್ಟಕ್ಕೆ ಬಿದ್ದು ಮುಚ್ಚಿತು. ಯಜಮಾನರ ಮಗ ಅದೇ ಕಟ್ಟಡದ ಮಹಡಿಯ ಮೇಲೆ ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿ ಹೊಸ ಕಂಪನಿ ತೆರೆದ. ಹೊರದೇಶಗಳಿಂದ ಫೋಟೋಗಳು ರಾಶಿರಾಶಿ ಬರುತ್ತಿದ್ದವು. ಇದು ಕಾರು, ಇದು ಮರ, ಇದು ಮನುಷ್ಯ ಎಂದು ಅವುಗಳ ಮೇಲೆ ಗುರುತು ಹಾಕುವುದೇ ನಮ್ಮ ಕೆಲಸ. ಹಳೆಯ ನಂಬಿಕಸ್ತ ಮನುಷ್ಯ ಎಂದು ಇವರನ್ನು ಬೆಳಗಿನ ಪಾಳಿಗೆ ಸೂಪರ್‌ವೈಸರ್ ಮಾಡಿದ. ಇಂಗ್ಲಿಷು ಅಷ್ಟಕ್ಕಷ್ಟೇ. ಆಚೆ ದೇಶದವರು ಕಳಿಸುತ್ತಿದ್ದ ಸೂಚನೆಗಳನ್ನು ಓದಿ ಕನ್ನಡದಲ್ಲಿ ಹೇಳುವ ಪಾಡು ನನ್ನದಾಗಿತ್ತು.

ಅವರ ಜೊತೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಯಾರನ್ನೂ ನಂಬುತ್ತಿರಲಿಲ್ಲ. ನಾವು ಮುಗಿಸಿಟ್ಟ ಫೋಟೋಗಳನ್ನು ತಾವೇ ಇನ್ನೊಮ್ಮೆ ತೆರೆದು ನೋಡುತ್ತಿದ್ದರು. ಚೆನ್ನಾಗಿದ್ದರೆ ತುಟಿ ಪಿಟಕ್ಕೆನ್ನುವುದಿಲ್ಲ. ತಪ್ಪು ಸಿಕ್ಕಿದರೆ ಇಡೀ ಹಾಲಿಗೆ ಕೇಳುವಂತೆ ಕೂಗು. ಲೇತಿನ ಗದ್ದಲದಲ್ಲಿ ಬೆಳೆದ ಗಂಟಲು ಅದು, ಮೆಲ್ಲಗೆ ಮಾತಾಡುವ ಅಭ್ಯಾಸವೇ ಇರಲಿಲ್ಲ. ಒಂದು ಸಲ ನಾನು ರೇಗಿ, "ಸಾರ್, ಎಲ್ಲಾ ನೀವೇ ಮಾಡೋದಾದ್ರೆ ನಾವ್ಯಾಕೆ ಇಲ್ಲಿ?" ಎಂದು ಕೇಳಿಬಿಟ್ಟೆ. ಅವರು "ಅದೂ ಸರೀನೇ" ಎಂದರು. ಮಾರನೆಯ ದಿನ ಮತ್ತೆ ಅದೇ ರಾಗ.

ತುಮಕೂರು ರಸ್ತೆಯ ಮೇಲೆ ಮೆಟ್ರೋದ ಕಂಬಗಳು ಎದ್ದು ರೈಲು ಇನ್ನೂ ಬಾರದಿದ್ದ ಕಾಲ ಅದು. ಆಗ ನಮಗೆ ಪೆಂಗ್ವಿನ್‌ಗಳ ಕೆಲಸ ಬಂತು. ಆಫ್ರಿಕಾದ ದಕ್ಷಿಣದ ಕಡಲತೀರದಲ್ಲಿ ಗೂಡುಗಳ ಎದುರು ಕ್ಯಾಮೆರಾ ನೆಟ್ಟಿದ್ದರು. ಗೂಡಿನಲ್ಲಿ ದೊಡ್ಡ ಹಕ್ಕಿ ಎಷ್ಟು, ಮೊಟ್ಟೆ ಇದೆಯೇ, ಮರಿ ಇದೆಯೇ ಎಂದು ಒಂದೊಂದು ಫೋಟೋಕ್ಕೂ ನಾವು ಗುರುತು ಹಾಕಬೇಕು. ಪೆಂಗ್ವಿನ್ ಅಂದರೆ ಐಸು ಎಂದೇ ನಾವೆಲ್ಲ ತಿಳಿದಿದ್ದೆವು. ಮೊದಲ ಫೋಟೋ ತೆರೆದರೆ ಉರಿಬಿಸಿಲು, ಮರಳು, ಕುರುಚಲು ಪೊದೆ. ಪೊದೆಯ ಬುಡದ ಬಿಲದಲ್ಲಿ ಒಂದು ಹಕ್ಕಿ ಬಾಯಿ ತೆರೆದು ಏದುಸಿರು ಬಿಡುತ್ತ ಕೂತಿದೆ.

"ಇದೇನಮ್ಮ, ನಮ್ ಪಾವಗಡದ ಕಡೆ ಇದ್ದಂಗೈತೆ!" ಎಂದು ಅವರು ಕುರ್ಚಿ ಎಳೆದುಕೊಂಡು ಬಂದರು.

ಆ ಹಕ್ಕಿಯ ಕಣ್ಣಿನ ಮೇಲೆ ಗುಲಾಬಿ ಬಣ್ಣದ ಬೋಳು ಚರ್ಮವಿರುತ್ತದೆ. ಸೆಕೆ ಏರಿದಂತೆಲ್ಲ ಅಲ್ಲಿಗೆ ರಕ್ತ ಹೆಚ್ಚು ಹರಿದು, ಮೈ ಕಾವು ಗಾಳಿಗೆ ಬಿಟ್ಟುಹೋಗುತ್ತದಂತೆ. ಬಿಳಿ ಎದೆಯ ಮೇಲೆ ಕಪ್ಪು ಚುಕ್ಕೆಗಳು, ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ಆ ಚುಕ್ಕೆ ನೋಡಿಯೇ ಯಾವ ಹಕ್ಕಿ ಯಾವುದೆಂದು ನಾವು ಹೇಳಬೇಕಿತ್ತು. ಕೆಲವು ವಿಡಿಯೋ ತುಣುಕುಗಳಲ್ಲಿ ಸದ್ದೂ ಇತ್ತು. ಒಬ್ಬಳು ಹಾಲಿನ ಸ್ಪೀಕರಿಗೆ ಹಾಕಿದಾಗ ಸಾಕ್ಷಾತ್ ಕತ್ತೆಯ ಕೂಗು ಕೇಳಿಸಿ, ಕೆಳಗಿನಿಂದ ವಾಚ್‌ಮನ್ ಕೋಲು ಹಿಡಿದು ಓಡಿ ಬಂದಿದ್ದ.

ಅವರಿಗೆ ಹುಚ್ಚು ಹಿಡಿದದ್ದು ಪಾಳಿಯದು. ಆ ಹಕ್ಕಿಗಳಲ್ಲಿ ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ಒಂದು ಮೀನು ಹಿಡಿಯಲು ಕಡಲಿಗೆ ಹೋದರೆ ಇನ್ನೊಂದು ಅದು ಬರುವ ತನಕ ಹಸಿದುಕೊಂಡು ಮೊಟ್ಟೆಯ ಮೇಲೆ ಕೂತಿರುತ್ತದೆ. ಹೋದದ್ದು ಹೊಟ್ಟೆ ತುಂಬಿಕೊಂಡು ವಾಲಾಡುತ್ತ ಬಂದು ಬಿಲದ ಬಾಯಲ್ಲಿ ನಿಲ್ಲುತ್ತದೆ. ಎರಡೂ ಕೊಕ್ಕೆತ್ತಿ ಅರಚುತ್ತವೆ, ತಲೆ ಬಾಗಿಸುತ್ತವೆ. ಆಮೇಲೆ ಕೂತದ್ದು ಮೆಲ್ಲಗೆ ಏಳುತ್ತದೆ, ಬಂದದ್ದು ಅಲ್ಲಿ ಕೂರುತ್ತದೆ. ಹೀಗೆ ಮಾಡುವುದರಿಂದ ಮೊಟ್ಟೆಗೆ ಬಿಸಿಲು ತಾಗುವುದಿಲ್ಲ, ಹೊಂಚು ಹಾಕಿ ಕೂತ ಕಡಲಕಾಗೆಗೂ ಅವಕಾಶ ಸಿಗುವುದಿಲ್ಲ.

"ನೋಡ್ರಮ್ಮ!" ಎಂದು ಅವರು ಮೇಜು ಕುಟ್ಟಿದರು. "ಇದುಕ್ಕೆ ಯಾವ ಫೋರ್‌ಮನ್ ಏಳ್ಕೊಟ್ಟ? ನಾನು ಅಂದ್ರೆ ನಗ್ತಿದ್ರಲ್ಲ, ಈಗ ನಗ್ರಿ ನೋಡಾನ."

ಗರಿ ಬದಲಿಸುವ ಕಾಲದ ಫೋಟೋಗಳೂ ಬಂದವು. ಹಳೆಯ ಗರಿಯೆಲ್ಲ ಒಟ್ಟಿಗೆ ಉದುರಿ ಹೊಸದು ಬರುವವರೆಗೆ ಆ ಹಕ್ಕಿಗೆ ನೀರಿಗಿಳಿಯಲು ಆಗುವುದಿಲ್ಲ; ಮೈಯೆಲ್ಲ ನೆನೆದು ಚಳಿ ಹಿಡಿಯುತ್ತದೆ. ಮೊದಲೇ ತಿಂದು ಕೊಬ್ಬು ಕೂಡಿಸಿಕೊಂಡು, ಆಮೇಲೆ ವಾರಗಟ್ಟಲೆ ಉಪವಾಸ ದಡದಲ್ಲೇ ನಿಂತಿರುತ್ತದೆ. ಹರಿದ ದಿಂಬಿನ ಹಾಗೆ ಕಾಣುವ ಅದನ್ನು ನನ್ನ ಪಕ್ಕದವಳು 'ಕಾಯಿಲೆ' ಎಂದು ಗುರುತು ಹಾಕಿದ್ದಳು. ನಾನು ಸೂಚನೆ ಓದಿ ಹೇಳಿದಾಗ ಅವರು ನಕ್ಕರು. "ವರ್ಕ್‌ಶಾಪ್ ಮುಚ್ಚಿದಾಗ ನಾನೂ ಇಂಗೇ ಕೂತಿದ್ದೆ ಕಣಮ್ಮ, ಮನೆ ಬಾಗ್ಲಲ್ಲಿ. ನೋಡ್ದೋರೆಲ್ಲ ಕಾಯ್ಲೆನಾ ಅಂತ ಕೇಳೋರು." ಅವರು ತಮ್ಮ ಬಗ್ಗೆ ನಮ್ಮೆದುರು ಆಡಿದ ಮೊದಲ ಮಾತು ಅದು ಎಂದು ನನ್ನ ನೆನಪು.

ಮನೆಯ ವಿಷಯ ನಮಗೆ ತಿಳಿದದ್ದು ಒಂದು ಮಧ್ಯಾಹ್ನ. ಎರಡನೇ ಪಾಳಿಯ ಸೂಪರ್‌ವೈಸರ್ ನೆಲಮಂಗಲದಿಂದ ಬೈಕಿನಲ್ಲಿ ಬರುತ್ತಿದ್ದ. ಅವತ್ತು ತುಮಕೂರು ರಸ್ತೆ ಪೂರ್ತಿ ಜಾಮ್. ಇವರು ಗಡಿಯಾರ ನೋಡುತ್ತಾರೆ, ಬಾಗಿಲು ನೋಡುತ್ತಾರೆ, ಆದರೆ ಏಳುವುದಿಲ್ಲ. "ಹೋಗಿ ಸಾರ್, ಅವ್ರು ಬರೋವರ್ಗೂ ನಾನ್ ಕೂತಿರ್ತೀನಿ" ಅಂದೆ. ತಲೆ ಅಲ್ಲಾಡಿಸಿದರು. ನನಗೆ ಸಿಟ್ಟೇ ಬಂತು. ಅಷ್ಟರಲ್ಲಿ ವಾಚ್‌ಮನ್ ಬಂದು, "ಸಾರ್, ನಿಮ್ಮ ಮನೆಯೋರು ಬಂದವ್ರೆ, ಗೇಟ್ ತಾವ" ಎಂದ.

ಕೊನೆಗೂ ಎದ್ದರು. ಪಕ್ಕದವಳನ್ನು ಆ ಕುರ್ಚಿಯಲ್ಲಿ ಕೂರಿಸಿ ನಾನೂ ಹಿಂದೆಯೇ ಇಳಿದು ಹೋದೆ. ಗೇಟಿನ ಮುಂದೆ ಆಟೋದಲ್ಲಿ ಅವರ ಹೆಂಡತಿ. ತೋಳಿನಲ್ಲಿ ಒಬ್ಬ ಹುಡುಗ, ಮೀಸೆ ಚಿಗುರುವ ವಯಸ್ಸು. ಉದ್ದನೆಯ ಕೈಕಾಲು ಸೆಟೆದುಕೊಂಡಿವೆ, ಕುತ್ತಿಗೆ ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ. ಮಾತಿಲ್ಲ, ಆದರೆ ಅಪ್ಪನನ್ನು ಕಂಡದ್ದೇ ಮುಖವೆಲ್ಲ ನಗು. ಆಕೆ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಎರಡನೇ ಪಾಳಿಗೆ ಅಡುಗೆ ಮಾಡುತ್ತಿದ್ದರು. ಇವರು ಮನೆಗೆ ಹೋದ ಮೇಲೆ ಆಕೆ ಹೊರಡಬೇಕು. "ತಗಳಿ, ನಂಗೆ ಒತ್ತಾಯ್ತು" ಎಂದು ಮಗನನ್ನು ಇವರ ತೋಳಿಗೆ ದಾಟಿಸಿ, ಅದೇ ಆಟೋದಲ್ಲಿ ಹೊರಟೇಹೋದರು. ಗಂಡ ಹೆಂಡತಿ ನಡುವೆ ಬೇರೆ ಮಾತೇ ಆಗಲಿಲ್ಲ. ಅವರ ಸಂಸಾರವೆಂದರೆ ಹೆಚ್ಚುಕಡಿಮೆ ಇಷ್ಟೇ ಎಂದು ಆಮೇಲೆ ತಿಳಿಯಿತು. ರಾತ್ರಿಯೂ ಸರದಿಯೇ, ಒಬ್ಬರು ಮಲಗಿದರೆ ಒಬ್ಬರು ಎದ್ದಿದ್ದು ಮಗನ ಮಗ್ಗುಲು ಬದಲಿಸಬೇಕು.

ಇವರು ಮಗನನ್ನು ವಾಚ್‌ಮನ್ನನ ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ನಿಂತು ತಮ್ಮ ಎದೆಗೆ ಆತುಕೊಂಡಂತೆ ಹಿಡಿದರು. "ಸಾರ್, ಬೇರೆ ಯಾರೂ ಇಲ್ವಾ ನೋಡ್ಕೊಳ್ಳೋಕೆ?" ಎಂದು ಕೇಳಿದೆ.

"ಇವ್ನ ಗಂಟ್ಲು ನಮ್ಮಿಬ್ರ ಕೈಗೇ ಗೊತ್ತಿರೋದಮ್ಮ. ಒಂದ್ ತುತ್ತು ಎಚ್ಚುಕಮ್ಮಿ ಆದ್ರೆ ಉಸಿರು ಸಿಕ್ಕಾಕ್ಕೊಳ್ತೈತೆ. ಯಾರನ್ನ ನಂಬಾನ?" ಎಂದರು. ಅವತ್ತಿನಿಂದ ಅವರ ಕೂಗಾಟಕ್ಕೆ ಎದುರುತ್ತರ ಕೊಡುವುದು ನನಗೆ ಕಷ್ಟವಾಯಿತು. ಕೊಡುತ್ತಿದ್ದೆ, ಆದರೆ ಕಷ್ಟವಾಗುತ್ತಿತ್ತು.

ಆಮೇಲೆ ಆಕೆ ಮತ್ತೆರಡು ಸಲ ಗೇಟಿಗೆ ಬಂದರು. ಒಮ್ಮೆ ಕಾಯುತ್ತ ನಿಂತಾಗ ನನ್ನ ಕೈ ಹಿಡಿದುಕೊಂಡು ಹೇಳಿದರು. ಅವರ ರಾಜಗೋಪಾಲನಗರದಲ್ಲೇ ಇಂಥ ಮಕ್ಕಳಿರುವ ಕೆಲವು ಮನೆಯವರು ಸೇರಿ ಒಂದು ಕೋಣೆ ಹಿಡಿದಿದ್ದಾರಂತೆ. ಹಗಲು ಮಕ್ಕಳನ್ನೆಲ್ಲ ಒಂದೇ ಕಡೆ ಸೇರಿಸಿ, ತಂದೆತಾಯಿಯರೇ ಇಬ್ಬಿಬ್ಬರಾಗಿ ಸರದಿಯಲ್ಲಿ ನೋಡಿಕೊಳ್ಳುತ್ತಾರಂತೆ. ಇವರನ್ನೂ ಬನ್ನಿ ಎಂದು ಕರೆದರೆ, ಮನೆಗೆ ಬಂದವರನ್ನು ಸಾರ್ ಗದರಿಸಿ ಕಳಿಸಿದ್ದಾರೆ.

"ನೀನಾದ್ರೂ ಅವ್ರಿಗೆ ಏಳವ್ವ. ನನ್ ಸೊಂಟ ಓಗೈತೆ. ಅವ್ನ ಎತ್ತಕ್ಕಾಯ್ತಿಲ್ಲ ಈಗ. ನಾನೋ ಅವ್ರೋ ಒಬ್ರು ಬಿದ್ರೆ ಇವ್ನ ಗತಿ ಏನು? ನಮ್ಮಿಬ್ರನ್ನ ಬಿಟ್ಟು ಮೂರ್ನೇ ಕೈ ಕಂಡೇ ಇಲ್ವಲ್ಲ ಇವ್ನು."

ಹೇಳಲು ನಾನ್ಯಾರು? ಆದರೂ ಒಮ್ಮೆ ಸಾರ್ ಹತ್ತಿರ ಮಾತು ತೆಗೆದೆ. "ನಿಂಗೇನ್ ಗೊತ್ತು" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು.

ಅಷ್ಟರಲ್ಲಿ ಫೋಟೋಗಳಲ್ಲಿ ಮೊಟ್ಟೆ ಒಡೆದು ಮರಿಗಳು ಬಂದಿದ್ದವು. ಬೂದುಬಣ್ಣದ ತುಪ್ಪಳದ ಉಂಡೆಗಳು. ಮೊದಮೊದಲು ಅಪ್ಪನೋ ಅಮ್ಮನೋ ಒಬ್ಬರು ಪಕ್ಕದಲ್ಲಿ ಇದ್ದೇ ಇರುತ್ತಿದ್ದರು. ಮರಿಗಳು ಸ್ವಲ್ಪ ದೊಡ್ಡವಾಗುತ್ತಿದ್ದ ಹಾಗೆ ಒಂದೊಂದೇ ಗೂಡು ಖಾಲಿಯಾಗತೊಡಗಿತು. ದೊಡ್ಡ ಹಕ್ಕಿಗಳು ಎರಡೂ ನಾಪತ್ತೆ. ಮರಿಗಳು ಬಿಲ ಬಿಟ್ಟು ಬಂದು, ಬೇರೆ ಗೂಡುಗಳ ಮರಿಗಳ ಜೊತೆ ಬಯಲಿನಲ್ಲಿ ಒತ್ತೊತ್ತಾಗಿ ನಿಂತಿವೆ.

ಅವರು ಕೆಂಡವಾದರು. "ಇಬ್ರೂ ಬಿಟ್ ಓದ್ವಾ? ಥೂ ನಿಮ್ಮ!" ಎಂದು ಪರದೆಗೆ ಬೈದರು. ತಂದೆತಾಯಿ ತೊರೆದುಹೋದ ಮರಿಗಳಿಗೆ ಹಾಕುವ ಗುರುತೊಂದು ಪಟ್ಟಿಯಲ್ಲಿತ್ತು, 'ಅನಾಥ' ಎಂಬರ್ಥದ್ದು. ಗುಂಪಿನಲ್ಲಿ ನಿಂತ ಅಷ್ಟೂ ಮರಿಗಳಿಗೆ ಅದನ್ನೇ ಹಾಕಿ ಎಂದು ಹಾಲಿಗೆಲ್ಲ ಹುಕುಂ ಹೊರಡಿಸಿದರು. "ಸಾರ್, ಒಂದ್ಸಲ ಕೇಳೋಣ" ಅಂದೆ. "ಏನ್ ಕೇಳೋದು? ಗೂಡಲ್ಲಿ ಪಾಳಿ ಬದ್ಲಾಯ್ಸೋ ರಿಲೀವರ್ ಇಲ್ಲ, ಡ್ಯೂಟೀಲಿ ಇರೋನೂ ಇಲ್ಲ. ಇನ್ನೇನು ಅಂತಾರೆ ಅದ್ಕೆ?" ಲೇತಿನ ಮುಂದೆ ಬದುಕು ಕಳೆದವರಿಗೆ ಅದು ಬೇರೆ ರೀತಿ ಕಾಣುವುದು ಸಾಧ್ಯವೇ ಇರಲಿಲ್ಲ. ನಾವೆಲ್ಲ ಹೇಳಿದಂತೆ ಮಾಡಿದೆವು. ಆ ಕಂತಿನ ಫೋಟೋಗಳೆಲ್ಲ ತಪ್ಪೆಂದು ವಾಪಸ್ ಬಂದವು.

ಪೆಂಗ್ವಿನ್ ಕೆಲಸ ಕೊಟ್ಟಿದ್ದ ಆಚೆ ದೇಶದ ವಿಜ್ಞಾನಿ ಮೇಡಂ ಫೋನಿನಲ್ಲಿ ಸಿಕ್ಕರು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಮರಿಗಳು ಅನಾಥವಲ್ಲ. ಮರಿ ಬೆಳೆದಂತೆ ಹಸಿವೂ ಬೆಳೆಯುತ್ತದೆ, ಒಬ್ಬರು ತರುವ ಮೀನು ಸಾಲುವುದಿಲ್ಲ. ಒಬ್ಬರು ಕಾಯುತ್ತಲೇ ಕೂತರೆ ಮರಿ ಕಣ್ಣೆದುರೇ ಸೊರಗುತ್ತದೆ. ಅದಕ್ಕೇ ಇಬ್ಬರೂ ಕಡಲಿಗೆ ಹೋಗುತ್ತಾರೆ. ಮರಿಗಳು ಒಟ್ಟಿಗೆ ನಿಂತಿದ್ದರೆ ಕಡಲಕಾಗೆಯಾಗಲಿ, ಕುಕ್ಕಲು ಬರುವ ಬೇರೆ ದೊಡ್ಡ ಹಕ್ಕಿಯಾಗಲಿ ಸುಲಭವಾಗಿ ಮೇಲೆ ಬೀಳುವುದಿಲ್ಲ. ಹೋದವರು ವಾಪಸ್ ಬಂದು, ದನಿಯಿಂದಲೇ ತಮ್ಮ ಮರಿಯನ್ನು ಗುರುತು ಹಿಡಿದು ಉಣಿಸುತ್ತಾರೆ. ಇದಕ್ಕೆ 'ಕ್ರೆಶ್' ಎನ್ನುತ್ತಾರೆ.

"ಗಾರ್ಮೆಂಟ್ಸಲ್ಲಿ ಮಕ್ಳನ್ನ ಬಿಡೋಕೆ ಇರ್ತದಲ್ಲ, ಅದೇನಾ?" ಎಂದರು ಸಾರ್.

"ಹೆಸ್ರು ಅದೇ ಸಾರ್."

"ಅಲ್ಲಿ ಆಯಾ ಇರ್ತಾಳೆ. ಇಲ್ಲಿ ನೋಡ್ಕೊಳೋರು ಯಾರು ಅಂತ ಕೇಳು."

ಕೇಳಿದೆ. ಮೇಡಂ ನಕ್ಕರು. ಯಾರೂ ಇಲ್ಲ, ಹತ್ತಿರ ಹತ್ತಿರ ನಿಂತಿರುತ್ತವೆ, ಅಷ್ಟೇ ಎಂದರು.

ಆ ಉತ್ತರ ಅವರಿಗೆ ಹಿಡಿಸಲಿಲ್ಲ. "ಯಾರೂ ಇಲ್ಲ ಅಂದ್ರೆ ಏನರ್ಥ" ಎಂದು ಗೊಣಗುತ್ತಲೇ ಕೂತರು. ವಾಪಸ್ ಬಂದ ಫೋಟೋಗಳನ್ನು ನಮಗೆ ಕೊಡದೆ ಅಷ್ಟನ್ನೂ ತಾವೇ ಮತ್ತೆ ತೆರೆದರು. ಎದೆಯ ಚುಕ್ಕೆ ಮರಿಗಳಿಗೆ ಇನ್ನೂ ಮೂಡಿರುವುದಿಲ್ಲ. ಆದ್ದರಿಂದ ಉಣಿಸಲು ಬಂದ ದೊಡ್ಡ ಹಕ್ಕಿಯ ಚುಕ್ಕೆ ನೋಡಿ, ಇದು ಇಂಥ ಗೂಡಿನ ಮರಿ ಎಂದು ಹೊಂದಿಸುತ್ತ ಹೋದರು. ಆ ದಿನಗಳಲ್ಲಿ ಕೂಗಾಟವೂ ಇರಲಿಲ್ಲ. ಒಂದು ದಿನ ನನ್ನನ್ನು ಕರೆದು ತೋರಿಸಿದರು. ಗುಂಪಿನಲ್ಲಿದ್ದ ಮರಿಯೊಂದು ಕಾಣೆಯಾಗಿತ್ತು. ಅದರ ತಾಯಿಯೋ ತಂದೆಯೋ ಬಂದು ಕೂಗಿ ಹುಡುಕಿ ನಿಂತಿತ್ತು. "ನೋಡು, ಇಂಗೂ ಆಯ್ತದೆ" ಎಂದರು. ಆಮೇಲೆ ಇನ್ನೊಂದು ತೆರೆದರು. ದೊಡ್ಡ ಹಕ್ಕಿಯೊಂದು ಬಿಲ ಬಿಟ್ಟು ಕದಲಿರಲಿಲ್ಲ, ಅದರ ಜೋಡಿ ಬಹಳ ದಿನದಿಂದ ಬಂದಿರಲಿಲ್ಲ. ಮರಿ ಒಣಗಿ ಸತ್ತಿತ್ತು. ಆ ಹಕ್ಕಿ ಸತ್ತ ಮರಿಯನ್ನೇ ಕಾಯುತ್ತಿತ್ತು. ಅವರು ಆ ಫೋಟೋ ಮುಚ್ಚದೆ ಬಹಳ ಹೊತ್ತು ಕೂತಿದ್ದರು. ನಾನು ನನ್ನ ಜಾಗಕ್ಕೆ ವಾಪಸ್ ಬಂದೆ.

ಹಕ್ಕಿ ನೋಡಿ ಮನುಷ್ಯ ಬದಲಾದ ಎಂದು ಬರೆದರೆ ಅವರೇ ಎದ್ದು ಬಂದು ಬೈದಾರು. ಅದೇ ಸಮಯಕ್ಕೆ ಆಕೆಯ ಸೊಂಟ ಪೂರ್ತಿ ಕೈಕೊಟ್ಟು ಕೆಲವು ದಿನ ಹಾಸಿಗೆ ಹಿಡಿದದ್ದೂ ಇತ್ತು. ಯಾವುದು ಎಷ್ಟು ಕೆಲಸ ಮಾಡಿತೋ ನಾನು ಹೇಳಲಾರೆ. ನನಗೆ ಗೊತ್ತಿರುವುದು ಇಷ್ಟು: ಜೀವಮಾನದಲ್ಲಿ ರಜೆ ಕೇಳದವರು ರಜೆ ಕೇಳಿದರು. ಮಗನನ್ನು ಆ ಕೋಣೆಗೆ ಕರೆದುಕೊಂಡು ಹೋದರು. ಬಿಟ್ಟು ಬರಲಿಲ್ಲ, ತಾವೂ ಅಲ್ಲೇ ಕೂತರು. ಗಂಜಿ ಗಟ್ಟಿಯಾಯಿತು, ತೆಳುವಾಯಿತು, ಚಮಚ ಹಿಡಿದ ರೀತಿ ಸರಿಯಿಲ್ಲ ಎಂದು ಅಲ್ಲಿನ ತಾಯಂದಿರೆಲ್ಲರ ಜೊತೆ ಜಗಳ. ಅಲ್ಲಿಂದ ಎಬ್ಬಿಸಿ ಕಳಿಸಿದರೆ ಹೊರಗೆ ಕಿಟಕಿಯ ಕೆಳಗೆ ಕೂತರಂತೆ. ಮತ್ತೆ ಕೆಲಸಕ್ಕೆ ಬಂದಾಗ, "ಬಿಟ್ಟಿದೀವಿ" ಎಂದಷ್ಟೇ ಹೇಳಿದರು. ನಾನೂ ಕೆದಕಲಿಲ್ಲ. ಪೆಂಗ್ವಿನ್ ಕೆಲಸ ಮುಗಿದು ಕಾರುಗಳ ಫೋಟೋ ಬಂದವು. ಕೊನೆಗೆ ನಾನು ಆ ಕಂಪನಿ ಬಿಟ್ಟೆ.

ಸುದ್ದಿ ತಿಳಿದ ವಾರ ರಾಜಗೋಪಾಲನಗರಕ್ಕೆ ಹೋದೆ. ಗೋಡೆಯ ಮೇಲೆ ಅವರ ಫೋಟೋ, ಹಾರ. ಕೆಲಸಕ್ಕೆ ಹೊರಟವರಂತೆ ಗಂಟುಮುಖ. ಆಕೆ ಕೋಲು ಊರಿಕೊಂಡು ನಡೆಯುತ್ತಾರೆ. ಮಗ ಮನೆಯಲ್ಲಿರಲಿಲ್ಲ. "ರೂಮಿಗೆ ಓಗವ್ನೆ. ಅಲ್ಲಿಲ್ದಿದ್ರೆ ಅವ್ನಿಗೆ ಒತ್ತೋಗಲ್ಲ" ಎಂದರು. ನಾನು ಅತ್ತೆ. ಆಕೆ ಅಳಲಿಲ್ಲ, ನನ್ನ ಬೆನ್ನು ಸವರುತ್ತ, ಮೊದಲ ಸಲ ಮಗನನ್ನು ಬಿಟ್ಟು ಬಂದ ದಿನದ ಕತೆ ಹೇಳಿದರು.

"ರೋಡಿಗೆ ಬಂದ್ವಿ ಕಣವ್ವ. ಇಬ್ರ ಕೈಯೂ ಖಾಲಿ. ಎಲ್ಲಿಗ್ ಓಗ್ಬೇಕು ಅಂತ್ಲೇ ಗೊತ್ತಿಲ್ಲ. ಮನೇಗ್ ಓಗಕ್ಕೆ ಅವ್ರು ಒಲ್ಲೆ ಅಂದ್ರು. ಮೆಜೆಸ್ಟಿಕ್ ಬಸ್ಸು ಬಂತು, ಏರ್ಕಂಡ್ವಿ. ಇವ್ನು ಉಟ್ಟಿದ್ಮ್ಯಾಲೆ ನಾವಿಬ್ರೂ ಒಂದೇ ಸೀಟಲ್ಲಿ ಕೂತಿದ್ದು ಅವತ್ತೇ. ಮಾತಾಡಾನ ಅಂದ್ರೆ ಇಬ್ರಿಗೂ ಮಾತೇ ಬರ್ತಿಲ್ಲ. ಯಶವಂತಪುರ ದಾಟೋದ್ರೊಳ್ಗೆ ನಂಗೆ ನಿದ್ದೆ. ಮೆಜೆಸ್ಟಿಕ್ಕಲ್ಲಿ ಕಂಡಕ್ಟ್ರು ಇಳೀರಿ ಅಂದ್ರೆ, ಇವ್ರು ವಾಪಸ್ ಟಿಕೆಟ್ ತಗಂಡ್ರಂತೆ. ಕಣ್ ಬಿಟ್ರೆ ಮತ್ತೆ ನಮ್ ಸ್ಟಾಪಲ್ಲೇ ಇದೀನಿ."

"ಆಮೇಲೆ?"

"ಆಮೇಲೇನು, ನಾನು ಸೊಂಟ ಇಡ್ಕೊಂಡೇ, ಇಬ್ರೂ ದಡಬಡ ರೂಮ್ ತಾವ ಬಂದ್ವಿ. ಒಳೀಕ್ ಓಗಕ್ಕೆ ಅವ್ರಿಗೆ ಭಯ, ಕಿಟ್ಕೀಲಿ ಇಣುಕಿದ್ರು. ಯಾರೋ ಇನ್ನೊಬ್ಬ ಮಗೀನ ತಾಯಿ ಇವ್ನಿಗೆ ಉಣ್ಣಿಸ್ತಾವ್ಳೆ. ಇವ್ನು ಗಲ್ದ ಮ್ಯಾಲೆಲ್ಲ ಅನ್ನ ಮಾಡ್ಕೊಂಡು ನಗ್ತಾವ್ನೆ. ನಮ್ಮನ್ನ ನೋಡ್ಲೂ ಇಲ್ಲ. ಅವ್ರು ಬಾಳ ಒತ್ತು ನಿಂತ್ಕೊಂಡು ನೋಡುದ್ರು. ಕಣ್ಣೆಲ್ಲ ನೀರು. ಆಮೇಲೆ ನನ್ ಕೈ ಇಡ್ಕೊಂಡು ಮೆಲ್ಲುಗೆ ಅಂದ್ರು: 'ಬಾ, ಇನ್ನೊಂದ್ಸಲ ಮೆಜೆಸ್ಟಿಕ್‌ಗೆ ಓಗ್ಬರಾನ.'"